ಅಂತಃಪುರದ ನ್ಯಾಯವಾದಿ

ಊರ ಕೆರೆಯಲ್ಲಿ ನೀರು ತುಂಬಿದ್ದರೂ ಅಲ್ಲಿಯವರೆಗೆ ನಡೆದುಹೋಗಲಾರದವರ ಬಾಯಾರಿಕೆ ತೀರುವುದಿಲ್ಲ. ಕಾನೂನಿನ ಸಂಗತಿಯೂ ಹಾಗೆಯೇ. ಅದು ಗ್ರಂಥದಲ್ಲಿದ್ದರೆ ಸಾಲದು; ಕಷ್ಟದಲ್ಲಿರುವವರ ಕೈಗೆ ಎಟುಕಬೇಕು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ನಮ್ಮ ದೇಶದ ಅನೇಕ ಸಿರಿವಂತ ಮನೆತನಗಳ ಸ್ತ್ರೀಯರಿಗೆ ಆಸ್ತಿಯಿತ್ತು. ಆ ಆಸ್ತಿಯನ್ನು ಕಾಯುವ ಕಾನೂನೂ ಇತ್ತು. ಆದರೆ ನ್ಯಾಯಾಲಯದ ಮೆಟ್ಟಿಲನ್ನು ಏರುವ ದಾರಿಯಿರಲಿಲ್ಲ. ಅಂಥವರ ಬಾಗಿಲಿಗೇ ಕಾನೂನನ್ನು ಕೊಂಡೊಯ್ದ ಮಹಿಳೆ ಕಾರ್ನೀಲಿಯಾ ಸೊರಾಬ್ಜಿ.

ಕಾರ್ನೀಲಿಯಾ ಅವರು 1866ರ ನವೆಂಬರ್ 15ರಂದು ನಾಸಿಕದಲ್ಲಿ ಜನಿಸಿದರು. ತಂದೆ ಸೊರಾಬ್ಜಿ ಖರ್ಸೇಡ್ಜಿ ಪಾರ್ಸಿ ಕುಲದಲ್ಲಿ ಹುಟ್ಟಿ ಕ್ರೈಸ್ತಧರ್ಮವನ್ನು ಸ್ವೀಕರಿಸಿದವರು. ತಾಯಿ ಫ್ರಾನ್ಸಿನಾ ಪುಣೆಯಲ್ಲಿ ಶಾಲೆಗಳನ್ನು ನಡೆಸಿ ಹೆಣ್ಣುಮಕ್ಕಳ ವಿದ್ಯೆಗಾಗಿ ದುಡಿದವರು. ಕಾರ್ನೀಲಿಯಾ ಅವರ ಬಾಲ್ಯದ ಮೊದಲ ವರ್ಷಗಳು ಕಳೆದದ್ದು ಅಂದು ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ನಮ್ಮ ಬೆಳಗಾವಿಯಲ್ಲಿ. ಅನಂತರ ಕುಟುಂಬವು ಪುಣೆಯಲ್ಲಿ ನೆಲೆಸಿತು.

ತಾಯಿಯ ಬಳಿಗೆ ಕಷ್ಟಸುಖ ಹೇಳಿಕೊಳ್ಳಲು ಅನೇಕ ಹೆಂಗಸರು ಬರುತ್ತಿದ್ದರು. ಒಮ್ಮೆ ಸಿರಿವಂತ ಮನೆತನದ ವಿಧವೆಯೊಬ್ಬಳು ಕಣ್ಣೀರಿಡುತ್ತ ಬಂದಳು. ಆಕೆಯ ಆಸ್ತಿಯನ್ನು ನೋಡಿಕೊಳ್ಳುತ್ತಿದ್ದ ಕಾರಭಾರಿಯು ಒಂದು ಕಾಗದವನ್ನು ಮುಂದಿಟ್ಟು ರುಜು ಮಾಡಿಸಿಕೊಂಡಿದ್ದನು. ಅದರಲ್ಲಿ ಏನಿದೆಯೆಂಬುದು ಆಕೆಗೆ ತಿಳಿದಿರಲಿಲ್ಲ. ತನ್ನ ಸರ್ವಸ್ವವೂ ಅವನ ಪಾಲಾಯಿತೆಂಬುದು ಗೊತ್ತಾಗುವ ವೇಳೆಗೆ ಕಾಲ ಮಿಂಚಿತ್ತು. ಇಂಥವರಿಗೆ ನೆರವಾಗಬೇಕೆಂಬ ಮನಸ್ಸಿದ್ದರೆ ಕಾನೂನನ್ನು ಕಲಿಯಬೇಕೆಂದು ತಾಯಿ ಮಗಳಿಗೆ ಹೇಳಿದರು. ಆ ಮಾತು ಎಳೆಯ ಮನಸ್ಸಿನಲ್ಲಿ ಬೇರೂರಿತು.

ಆದರೆ ದಾರಿ ಸುಗಮವಾಗಿರಲಿಲ್ಲ. ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಓದಿದ ಕಾರ್ನೀಲಿಯಾ ಮುಂಬಯಿ ವಿಶ್ವವಿದ್ಯಾನಿಲಯದ ಮೊದಲ ಮಹಿಳಾ ಪದವೀಧರೆಯಾದರು. ಪರೀಕ್ಷೆಯಲ್ಲಿ ಅವರು ಗಳಿಸಿದ ಸ್ಥಾನಕ್ಕೆ ಇಂಗ್ಲೆಂಡಿನಲ್ಲಿ ವ್ಯಾಸಂಗ ಮಾಡಲು ಸರ್ಕಾರದ ವಿದ್ಯಾರ್ಥಿವೇತನ ದೊರೆಯಬೇಕಾಗಿತ್ತು. ಹೆಣ್ಣೆಂಬ ಒಂದೇ ಕಾರಣಕ್ಕೆ ಅದು ತಪ್ಪಿತು. ಅವರು ಎದೆಗುಂದಲಿಲ್ಲ. ಅಹಮದಾಬಾದಿನ ಗುಜರಾತ್ ಕಾಲೇಜಿನಲ್ಲಿ ಕೆಲಕಾಲ ಅಧ್ಯಾಪನ ಮಾಡಿದರು. ಬಳಿಕ ಇಂಗ್ಲೆಂಡಿನ ಹಿತೈಷಿಗಳು ಕೂಡಿಸಿದ ಹಣದ ನೆರವಿನಿಂದ 1889ರಲ್ಲಿ ಆಕ್ಸ್‌ಫರ್ಡಿನ ಸಾಮರ್ವಿಲ್ ವಿದ್ಯಾಸಂಸ್ಥೆಯನ್ನು ಸೇರಿದರು. 1892ರಲ್ಲಿ ವಿಶೇಷ ಅನುಮತಿ ಪಡೆದು ಅಲ್ಲಿಯ ಉನ್ನತ ಕಾನೂನು ಪರೀಕ್ಷೆಗೆ ಕುಳಿತರು. ಆ ಪರೀಕ್ಷೆಯನ್ನು ಬರೆದ ಮೊದಲ ಮಹಿಳೆ ಅವರೇ. ಆದರೆ ಸ್ತ್ರೀಯರಿಗೆ ಪದವಿ ನೀಡುವ ಪದ್ಧತಿ ಅಂದು ಅಲ್ಲಿರಲಿಲ್ಲ. ಗಳಿಸಿದ ಪದವಿಯು ಕೈಸೇರಲು ಅವರು ಮೂವತ್ತು ವರ್ಷ ಕಾಯಬೇಕಾಯಿತು.

ಸ್ವದೇಶಕ್ಕೆ ಮರಳಿದಾಗಲೂ ಅದೇ ಅಡ್ಡಿ ಎದುರಾಯಿತು. ಅವರು 1897ರಲ್ಲಿ ಮುಂಬಯಿ ವಿಶ್ವವಿದ್ಯಾನಿಲಯದ ಕಾನೂನು ಪದವಿಯನ್ನು ಪಡೆದರು. 1899ರಲ್ಲಿ ಅಲಹಾಬಾದ್ ಉಚ್ಚ ನ್ಯಾಯಾಲಯದ ವಕೀಲಿ ಪರೀಕ್ಷೆಯಲ್ಲಿಯೂ ತೇರ್ಗಡೆ ಹೊಂದಿದರು. ಆದರೂ ಅವರಿಗೆ ವಕೀಲರ ಸ್ಥಾನ ದೊರೆಯಲಿಲ್ಲ. ಕಾಠಿಯಾವಾಡ ಮತ್ತು ಇಂದೂರು ಸಂಸ್ಥಾನಗಳಲ್ಲಿ ಗೋಷಾ ಸ್ತ್ರೀಯರ ಪರವಾಗಿ ಬ್ರಿಟಿಷ್ ಅಧಿಕಾರಿಗಳ ಮುಂದೆ ಅಹವಾಲು ಸಲ್ಲಿಸಲು ಮಾತ್ರ ವಿಶೇಷ ಅನುಮತಿ ಸಿಕ್ಕಿತು.

ಗೋಷಾ ಸ್ತ್ರೀಯರ ಸಂಕಟವೇನೆಂಬುದನ್ನು ಇಲ್ಲಿ ಸ್ವಲ್ಪ ತಿಳಿಯಬೇಕು. ಅವರು ಪರಪುರುಷರ ಎದುರಿಗೆ ಬರುವಂತಿರಲಿಲ್ಲ. ವಕೀಲರೆಲ್ಲರೂ ಗಂಡಸರು, ನ್ಯಾಯಾಧೀಶರೂ ಗಂಡಸರು. ಗಂಡನನ್ನು ಕಳೆದುಕೊಂಡ ಹೆಣ್ಣು ಜೀವನಾಂಶವನ್ನು ಕೇಳಬೇಕಾದರೂ, ದತ್ತುಸ್ವೀಕಾರದ ವಿಚಾರವನ್ನು ಇತ್ಯರ್ಥ ಮಾಡಿಕೊಳ್ಳಬೇಕಾದರೂ, ಎಳೆಯ ಮಗನ ಹಕ್ಕನ್ನು ದಾಯಾದಿಗಳಿಂದ ಕಾಪಾಡಬೇಕಾದರೂ ಕಾರಭಾರಿಯ ಅಥವಾ ಬಂಧುವಿನ ಬಾಯಿಂದಲೇ ಹೇಳಿಸಬೇಕಾಗಿತ್ತು. ಮೋಸ ಮಾಡಿದವನು ಆ ಕಾರಭಾರಿಯೇ ಆಗಿದ್ದರೆ ಗತಿಯೇನು? ಯಾರ ಮೇಲೆ ದೂರು ಕೊಡಬೇಕೋ ಅವನೇ ದೂರನ್ನು ಒಯ್ಯುವವನೂ ಆಗಿದ್ದನು. ಗೋಷಾ ಸ್ತ್ರೀಯು ರುಜು ಮಾಡಿದ ಪತ್ರವನ್ನು ಆಧರಿಸಿ ಹಕ್ಕು ಸಾಧಿಸುವವನು, ಪತ್ರದ ಅರ್ಥ ಆಕೆಗೆ ಚೆನ್ನಾಗಿ ತಿಳಿದಿತ್ತೆಂಬುದನ್ನು ರುಜುವಾತುಪಡಿಸಬೇಕೆಂಬ ನಿಯಮವನ್ನು ನ್ಯಾಯಾಲಯಗಳು ಪಾಲಿಸುತ್ತಿದ್ದುದು ನಿಜ. ಆದರೆ ಮೊಕದ್ದಮೆಯು ನ್ಯಾಯಾಲಯವನ್ನು ತಲುಪಿದರೆ ತಾನೆ ಆ ನಿಯಮದ ಪ್ರಯೋಜನ!

ಈ ಕೊರತೆಯನ್ನು ಕಾರ್ನೀಲಿಯಾ ಅವರು ಸರ್ಕಾರದ ಗಮನಕ್ಕೆ ತಂದರು. ಸ್ತ್ರೀಯರಿಗೂ ಅಪ್ರಾಪ್ತವಯಸ್ಕರಿಗೂ ಕಾನೂನಿನ ಸಲಹೆ ನೀಡಲು ಮಹಿಳೆಯೊಬ್ಬಳನ್ನು ನೇಮಿಸಬೇಕೆಂದು 1902ರಿಂದಲೇ ಒತ್ತಾಯಿಸಿದರು. ಒಡೆಯರಿಲ್ಲದೆ ವಿಧವೆಯರ, ಮಕ್ಕಳ ಪಾಲಿಗೆ ಬಂದ ಜಮೀನುದಾರಿಗಳನ್ನು ಅಂದು ಕೋರ್ಟ್ ಆಫ್ ವಾರ್ಡ್ಸ್ ಎಂಬ ಸರ್ಕಾರಿ ಸಂಸ್ಥೆಯು ನೋಡಿಕೊಳ್ಳುತ್ತಿತ್ತು. 1904ರಲ್ಲಿ ಬಂಗಾಳದ ಆ ಸಂಸ್ಥೆಯಲ್ಲಿ ಅವರಿಗೆ ಸಹಾಯಕ ಅಧಿಕಾರಿಯ ಸ್ಥಾನ ಲಭಿಸಿತು. ಕ್ರಮೇಣ ಅವರ ಕಾರ್ಯಕ್ಷೇತ್ರವು ಬಿಹಾರ, ಒರಿಸ್ಸಾ, ಅಸ್ಸಾಮುಗಳಿಗೂ ಹಬ್ಬಿತು.

ಗಂಡಸಿಗೆ ತೆರೆಯದ ಅಂತಃಪುರದ ಬಾಗಿಲು ಅವರಿಗೆ ತೆರೆಯಿತು. ಅವರು ದೂರದ ಊರುಗಳಿಗೆ ಪ್ರಯಾಣ ಮಾಡಿ ಹೆಂಗಸರ ಜೊತೆಯಲ್ಲಿ ಕುಳಿತು ಅವರ ದುಃಖವನ್ನು ಅವರ ಬಾಯಿಂದಲೇ ಕೇಳಿದರು. ದಸ್ತಾವೇಜುಗಳ ಅರ್ಥವನ್ನು ಬಿಡಿಸಿ ಹೇಳಿದರು. ಸಲ್ಲಬೇಕಾದ ಹಣ ಸಲ್ಲುವಂತೆ ಮಾಡಿದರು. ಎಳೆಯ ವಾರಸುದಾರರ ಯೋಗಕ್ಷೇಮವನ್ನೂ ವಿದ್ಯಾಭ್ಯಾಸವನ್ನೂ ವಿಚಾರಿಸಿಕೊಂಡರು. ಮನೆಯ ಜಗಳ ಮನೆಯಲ್ಲೇ ಬಗೆಹರಿಯುವಂತಿದ್ದರೆ ಅದನ್ನು ನ್ಯಾಯಾಲಯದವರೆಗೆ ಎಳೆಯದೆ ರಾಜಿ ಮಾಡಿಸಿದರು. ಸುಮಾರು ಇಪ್ಪತ್ತು ವರ್ಷಗಳಲ್ಲಿ ಅವರಿಂದ ನೆರವು ಪಡೆದ ಸ್ತ್ರೀಯರೂ ಅನಾಥ ಮಕ್ಕಳೂ ಆರುನೂರಕ್ಕಿಂತ ಹೆಚ್ಚು.

ಕೊನೆಗೆ ಕಾಲವೂ ಬದಲಾಯಿತು. 1921ರಲ್ಲಿ ಅಲಹಾಬಾದ್ ಉಚ್ಚ ನ್ಯಾಯಾಲಯವು ಅವರನ್ನು ವಕೀಲರ ಪಟ್ಟಿಗೆ ಸೇರಿಸಿತು. 1923ರ ಶಾಸನವು ಭಾರತದ ಎಲ್ಲ ಮಹಿಳೆಯರಿಗೂ ವಕೀಲಿ ವೃತ್ತಿಯ ಬಾಗಿಲನ್ನು ತೆರೆಯಿತು. ಕಾರ್ನೀಲಿಯಾ ಕಲ್ಕತ್ತೆಯಲ್ಲಿ ವೃತ್ತಿಯನ್ನು ಕೈಗೊಂಡರು. ಅಷ್ಟು ಹೊತ್ತಿಗೆ ಅವರ ವಯಸ್ಸು ಐವತ್ತೇಳನ್ನು ದಾಟಿತ್ತು. ಅಲ್ಲಿಯೂ ಹಳೆಯ ಪೂರ್ವಗ್ರಹ ಅಳಿದಿರಲಿಲ್ಲ. ವಾದ ಮಾಡುವ ಅವಕಾಶಕ್ಕಿಂತ ಲಿಖಿತ ಅಭಿಪ್ರಾಯವನ್ನು ಸಿದ್ಧಪಡಿಸುವ ಕೆಲಸವೇ ಅವರ ಪಾಲಿಗೆ ಹೆಚ್ಚಾಗಿ ಬಂದಿತು. 1929ರಲ್ಲಿ ನಿವೃತ್ತರಾಗಿ ಲಂಡನ್ನಿನಲ್ಲಿ ನೆಲೆಸಿದರು. 1954ರ ಜುಲೈ 6ರಂದು ಅಲ್ಲಿಯೇ ತೀರಿಕೊಂಡರು.

ಕಾರ್ನೀಲಿಯಾ ಅವರ ಎಲ್ಲ ವಿಚಾರಗಳನ್ನೂ ನಾವು ಒಪ್ಪಬೇಕಾಗಿಲ್ಲ. ಅವರು ಬ್ರಿಟಿಷ್ ಆಳ್ವಿಕೆಯ ಪಕ್ಷಪಾತಿಯಾಗಿದ್ದರು. ಗಾಂಧೀಜಿಯವರ ಚಳವಳಿಯನ್ನು ವಿರೋಧಿಸಿದರು. ಇದರಿಂದ ದೇಶಬಾಂಧವರ ಪ್ರೀತಿಗೆ ಎರವಾದರು. ಆದರೆ ಅವರ ರಾಜಕೀಯ ನಿಲುವನ್ನು ಒಪ್ಪದವರೂ ಅವರ ಸೇವೆಯನ್ನು ಅಲ್ಲಗಳೆಯಲಾರರು.

ಇಂದು ಕಾನೂನು ಬಹಳ ಮುಂದುವರಿದಿದೆ. 1956ರ ಹಿಂದೂ ಉತ್ತರಾಧಿಕಾರ ಶಾಸನವು ಹೆಣ್ಣಿಗೆ ಆಸ್ತಿಯಲ್ಲಿ ಪೂರ್ಣ ಒಡೆತನವನ್ನು ನೀಡಿತು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಶಾಸನದ ಪ್ರಕಾರ ಸ್ತ್ರೀಯರೂ ಮಕ್ಕಳೂ ಉಚಿತವಾಗಿ ವಕೀಲರ ನೆರವನ್ನು ಪಡೆಯಬಹುದು. ಆದರೂ ಓದದ ಕಾಗದಕ್ಕೆ ಹೆಬ್ಬೆಟ್ಟು ಒತ್ತಿ ಹೊಲ ಮನೆ ಕಳೆದುಕೊಳ್ಳುವವರು ಇಂದಿಗೂ ಇಲ್ಲದಿಲ್ಲ. ಅಕ್ಷರ ಬಲ್ಲ ಮಕ್ಕಳು ಮನೆಯ ಹಿರಿಯರ ಮುಂದೆ ಬಂದ ಪತ್ರವನ್ನು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಓದಿ ಅದರ ಅರ್ಥವನ್ನು ತಿಳಿಸಬಲ್ಲರು. ಕಾರ್ನೀಲಿಯಾ ಅವರು ಅಂತಃಪುರಗಳಲ್ಲಿ ಮಾಡಿದ್ದು ಬಹುಮಟ್ಟಿಗೆ ಇದೇ ಕೆಲಸವನ್ನು.