ಟ್ರಾಟ್‌ಸ್ಕಿ: ನಕಲಿ ಪಾಸ್‌ಪೋರ್ಟಿನ ಹೆಸರು, ವೀಸಾ ಸಿಗದ ಬದುಕು

ಟ್ರಾಟ್‌ಸ್ಕಿ ಅನ್ನೋದು ಹುಟ್ಟುಹೆಸರಲ್ಲ. 1879ರಲ್ಲಿ ಇವತ್ತಿನ ಉಕ್ರೇನಿನ ಒಂದು ಯಹೂದಿ ರೈತ ಕುಟುಂಬದಲ್ಲಿ ಹುಟ್ಟಿದಾಗ ಅವನು ಲೆವ್ ಬ್ರಾನ್‌ಸ್ಟೈನ್. 1902ರಲ್ಲಿ ಸೈಬೀರಿಯಾದ ಗಡೀಪಾರಿನಿಂದ ತಪ್ಪಿಸಿಕೊಂಡು ಹೊರಟಾಗ ಅವನ ಕೈಯಲ್ಲಿದ್ದದ್ದು ಹೆಸರು ತುಂಬದ ಒಂದು ಪಾಸ್‌ಪೋರ್ಟ್. ಒಡೆಸ್ಸಾ ಜೈಲಿನಲ್ಲಿ ತನ್ನನ್ನು ಕಾದಿದ್ದ ಜೈಲರ್ ಒಬ್ಬನ ಹೆಸರನ್ನೇ ಅದರಲ್ಲಿ ಬರೆದುಕೊಂಡ. ಜಗತ್ತಿಗೆ ಅವನು ಗೊತ್ತಿರುವುದು ಆ ನಕಲಿ ಎಂಟ್ರಿಯ ಹೆಸರಿನಿಂದಲೇ.

ಕಾಗದಪತ್ರಗಳ ಕಾಟ ಅಲ್ಲಿಂದಲೇ ಶುರು. 1916ರಲ್ಲಿ ಫ್ರಾನ್ಸ್ ಅವನನ್ನು ಹೊರಹಾಕಿತು. ರಷ್ಯಾದಲ್ಲಿ ತ್ಸಾರ್ ಆಡಳಿತ ಬಿದ್ದ ಮೇಲೆ, 1917ರ ವಸಂತದಲ್ಲಿ, ನ್ಯೂಯಾರ್ಕ್‌ನಿಂದ ಊರಿಗೆ ಹೊರಟ. ಬೇಕಾದ ದಾಖಲೆಗಳೆಲ್ಲ ಕೈಯಲ್ಲಿದ್ದರೂ ಬ್ರಿಟಿಷರು ಕೆನಡಾದ ಹ್ಯಾಲಿಫ್ಯಾಕ್ಸ್‌ನಲ್ಲಿ ಹಡಗಿನಿಂದ ಇಳಿಸಿ ಸುಮಾರು ಒಂದು ತಿಂಗಳು ಕ್ಯಾಂಪಿನಲ್ಲಿಟ್ಟರು. ಅದೇ ವರ್ಷದ ಕೊನೆಗೆ ಅವನೇ ಹೊಸ ಸರ್ಕಾರದ ವಿದೇಶಾಂಗ ಮಂತ್ರಿ. ಆಮೇಲೆ ಕೆಂಪು ಸೇನೆಯ ಮುಖ್ಯಸ್ಥ.

ಇಲ್ಲಿ ಒಂದು ನಿಮಿಷ ನಿಲ್ಲಬೇಕು. ಟ್ರಾಟ್‌ಸ್ಕಿಯನ್ನು ಬರೀ ಬಲಿಪಶು ಅಂತ ಓದಿದರೆ ಅರ್ಧ ಕಥೆ ಬಿಟ್ಟಂತೆ. 1921ರ ಡಿಸೆಂಬರ್‌ನಲ್ಲಿ ಸೋವಿಯತ್ ಸರ್ಕಾರ ಒಂದು ಆಜ್ಞೆ ಹೊರಡಿಸಿ, ಕ್ರಾಂತಿಯ ನಂತರ ಅನುಮತಿ ಇಲ್ಲದೆ ದೇಶ ಬಿಟ್ಟವರ ಪೌರತ್ವ ಕಿತ್ತುಕೊಂಡಿತು. ಲಕ್ಷಾಂತರ ಜನ ಯಾವ ದೇಶಕ್ಕೂ ಸೇರದವರಾದರು. ಮರುವರ್ಷ ಭಿನ್ನಮತದ ಬುದ್ಧಿಜೀವಿಗಳನ್ನು ಹಡಗು ಹತ್ತಿಸಿ ಕಳಿಸಿತು. ಟ್ರಾಟ್‌ಸ್ಕಿ ಆ ಸರ್ಕಾರದಲ್ಲಿದ್ದ, ಈ ಗಡೀಪಾರನ್ನು ಬಹಿರಂಗವಾಗಿಯೇ ಸಮರ್ಥಿಸಿಕೊಂಡ. ದೇಶ ಕಳೆದುಕೊಂಡ ರಷ್ಯನ್ನರಿಗಾಗಿ ಲೀಗ್ ಆಫ್ ನೇಷನ್ಸ್ 1922ರಲ್ಲಿ ವಿಶೇಷ ಪ್ರಯಾಣಪತ್ರ ರೂಪಿಸಬೇಕಾಯ್ತು. ಅದಕ್ಕೆ ಕಾರಣನಾದ ನಾರ್ವೆಯ ನಾನ್ಸೆನ್ ಹೆಸರೇ ಅದಕ್ಕೆ ಬಂತು.

ಏಳು ವರ್ಷದಲ್ಲಿ ಸರದಿ ಅವನದಾಯ್ತು. ಸ್ಟಾಲಿನ್ ಜೊತೆಗಿನ ಕಾದಾಟದಲ್ಲಿ ಸೋತು 1927ರಲ್ಲಿ ಪಕ್ಷದಿಂದ ಹೊರಬಿದ್ದ, 1928ರಲ್ಲಿ ಅಲ್ಮಾ ಅತಾಗೆ, 1929ರ ಫೆಬ್ರವರಿಯಲ್ಲಿ ಟರ್ಕಿಗೆ ಗಡೀಪಾರು. ಇಸ್ತಾಂಬುಲ್ ಹತ್ತಿರದ ಪ್ರಿಂಕಿಪೋ ದ್ವೀಪದಲ್ಲಿ ಕೂತು ದೇಶದೇಶಕ್ಕೆ ಅರ್ಜಿ ಹಾಕಿದ. ಜರ್ಮನಿ ಆಗಲ್ಲ ಅಂದಿತು. ಬ್ರಿಟನ್‌ನಲ್ಲಿ ಆಗಷ್ಟೇ ಅಧಿಕಾರಕ್ಕೆ ಬಂದಿದ್ದದ್ದು ಲೇಬರ್ ಸರ್ಕಾರ. ಬರ್ನಾರ್ಡ್ ಶಾ ಅಂಥವರು ಪರವಾಗಿ ನಿಂತರೂ ಅದೂ ಬಾಗಿಲು ತೆರೆಯಲಿಲ್ಲ.

1932ರ ಫೆಬ್ರವರಿಯಲ್ಲಿ ಮಾಸ್ಕೋ ಅವನ ಸೋವಿಯತ್ ಪೌರತ್ವ ರದ್ದು ಮಾಡಿತು, ಜೊತೆಗೆ ಕುಟುಂಬದವರದ್ದೂ. ಚಿಕಿತ್ಸೆಗೆಂದು ಬರ್ಲಿನ್‌ನಲ್ಲಿದ್ದ ಮಗಳು ಜೀನಾಗೆ ರಷ್ಯಾದಲ್ಲಿ ಬಿಟ್ಟುಬಂದಿದ್ದ ಪುಟ್ಟ ಮಗಳ ಬಳಿ ಹೋಗುವ ದಾರಿ ಮುಚ್ಚಿತು. 1933ರ ಜನವರಿಯಲ್ಲಿ ಆಕೆ ಪ್ರಾಣ ಕಳೆದುಕೊಂಡಳು.

ಡೆನ್ಮಾರ್ಕ್ ವಿದ್ಯಾರ್ಥಿಗಳು ಭಾಷಣಕ್ಕೆ ಕರೆದಾಗ ಸಿಕ್ಕಿದ್ದು ಎಂಟು ದಿನದ ವೀಸಾ. 1933ರಲ್ಲಿ ಫ್ರಾನ್ಸ್ ಒಳಗೆ ಬಿಟ್ಟಿತು, ಆದರೆ ಪ್ಯಾರಿಸ್‌ಗೆ ಕಾಲಿಡಬಾರದು ಎಂಬ ಷರತ್ತು ಹಾಕಿತು. ಮರುವರ್ಷ ದೇಶ ಬಿಡು ಎಂದು ಆದೇಶಿಸಿತು. ತಮಾಷೆ ನೋಡಿ: ಕರೆದುಕೊಳ್ಳೋಕೆ ಯಾವ ದೇಶವೂ ತಯಾರಿರದ ಕಾರಣ ಆ ಆದೇಶವನ್ನು ಜಾರಿ ಮಾಡಲಾಗದೆ, ಒಂದು ವರ್ಷಕ್ಕೂ ಹೆಚ್ಚು ಕಾಲ ಪೊಲೀಸ್ ಕಣ್ಗಾವಲಲ್ಲಿ ಇಟ್ಟುಕೊಂಡಿತು.

1935ರ ಜೂನ್‌ನಲ್ಲಿ ನಾರ್ವೆಯ ಲೇಬರ್ ಸರ್ಕಾರ ಆರು ತಿಂಗಳ ವಾಸದ ಪರವಾನಗಿ ಕೊಟ್ಟಿತು. ಆಮೇಲೆ ನವೀಕರಿಸಿತು. ಷರತ್ತು ಒಂದೇ, ರಾಜಕೀಯ ಮಾಡಬಾರದು. 1936ರ ಆಗಸ್ಟ್‌ನಲ್ಲಿ ಮಾಸ್ಕೋದ ವಿಚಾರಣೆಯಲ್ಲಿ ಅವನ ಹಳೆಯ ಸಂಗಾತಿಗಳಾದ ಜಿನೋವಿಯೆವ್ ಮತ್ತು ಕಾಮೆನೆವ್‌ಗೆ ಮರಣದಂಡನೆಯಾಯ್ತು. ಅಲ್ಲಿನ ಮುಖ್ಯ ಆರೋಪಗಳೆಲ್ಲ ಅವನ ಮೇಲೇ. ಸುಮ್ಮನಿರೋದಾದರೂ ಹೇಗೆ? ಪತ್ರಿಕೆಗಳಿಗೆ ಉತ್ತರ ಕೊಟ್ಟ. ಅವನನ್ನು ಹೊರಹಾಕಿ ಎಂದು ಮಾಸ್ಕೋ ಪಟ್ಟು ಹಿಡಿಯಿತು. ಮೀನು, ಹಡಗಿನ ವ್ಯಾಪಾರಕ್ಕೆ ಏಟು ಬೀಳುವ ಭಯ ನಾರ್ವೆಗೆ. ನ್ಯಾಯ ಮಂತ್ರಿ ಟ್ರಿಗ್ವೆ ಲೀ, ಇನ್ನು ಮಾತಾಡಲ್ಲ ಅಂತ ಬರೆದುಕೊಡು ಎಂದು ಕೇಳಿದರು. ಟ್ರಾಟ್‌ಸ್ಕಿ ಸಹಿ ಹಾಕಲಿಲ್ಲ. ಗೃಹಬಂಧನವಾಯ್ತು. ತನ್ನ ಮೇಲೆ ಸುಳ್ಳು ಬರೆದ ಸಂಪಾದಕರ ವಿರುದ್ಧ ಕೋರ್ಟಿಗೆ ಹೋದರೆ, ಅದನ್ನು ತಡೆಯೋಕೂ ಸರ್ಕಾರ ವಿಶೇಷ ಆಜ್ಞೆ ತಂದಿತು. ಡಿಸೆಂಬರ್‌ನಲ್ಲಿ ತೈಲದ ಹಡಗೊಂದಕ್ಕೆ ಹತ್ತಿಸಿ ಕಳಿಸಿತು.

ಚಿತ್ರಕಾರ ಡಿಯೆಗೊ ರಿವೆರಾ ಕೇಳಿಕೊಂಡಿದ್ದಕ್ಕೆ ಆಶ್ರಯ ಕೊಟ್ಟದ್ದು ಮೆಕ್ಸಿಕೋದ ಅಧ್ಯಕ್ಷ ಕಾರ್ಡೆನಾಸ್. 1937ರ ಜನವರಿ 9ರಂದು ಹಡಗು ಟಂಪಿಕೋ ಮುಟ್ಟಿತು. 1940ರ ಆಗಸ್ಟ್ 20ರಂದು, ಸ್ಟಾಲಿನ್ ಏಜೆಂಟ್ ರಮೋನ್ ಮರ್ಕಾಡರ್ ಅವನ ಕೋಣೆಯಲ್ಲೇ ಐಸ್ ಕೊಡಲಿಯಿಂದ ತಲೆಗೆ ಹೊಡೆದ. ಮರುದಿನ ಟ್ರಾಟ್‌ಸ್ಕಿ ಸತ್ತ. ಹಂತಕ ಮೆಕ್ಸಿಕೋ ಒಳಗೆ ಬಂದದ್ದು ನಕಲಿ ಕೆನಡಾ ಪಾಸ್‌ಪೋರ್ಟಿನಲ್ಲಿ. ಅವನನ್ನು ಯಾವ ಗಡಿಯೂ ತಡೆಯಲಿಲ್ಲ.

ಅದೇ ವರ್ಷ ನಾಜಿಗಳು ನಾರ್ವೆಗೆ ನುಗ್ಗಿದಾಗ ಲೀ ಕೂಡ ಲಂಡನ್‌ಗೆ ಓಡಿ ಆಶ್ರಯ ಪಡೆಯಬೇಕಾಯ್ತು. 1946ರಲ್ಲಿ ಅವರು ವಿಶ್ವಸಂಸ್ಥೆಯ ಮೊದಲ ಮಹಾಕಾರ್ಯದರ್ಶಿ. ಅವರ ಅವಧಿಯಲ್ಲೇ, 1948ರಲ್ಲಿ, ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆ ಬಂತು. ಅದರ 14ನೇ ವಿಧಿ ಕಿರುಕುಳಕ್ಕೆ ಒಳಗಾದವರಿಗೆ ಆಶ್ರಯ ಕೋರುವ ಹಕ್ಕು ಕೊಡುತ್ತದೆ. ಕೊಡಲೇಬೇಕು ಎಂದು ಯಾವ ದೇಶಕ್ಕೂ ಹೇಳುವುದಿಲ್ಲ.

ಟ್ರಾಟ್‌ಸ್ಕಿ ಬದುಕು ನಮ್ಮೆದುರು ಇಡುವ ಪ್ರಶ್ನೆ ಅವನು ಒಳ್ಳೆಯವನೋ ಕೆಟ್ಟವನೋ ಅನ್ನೋದಲ್ಲ. ಪೌರತ್ವ ಕಿತ್ತುಕೊಳ್ಳುವ ಅಧಿಕಾರವನ್ನು ನಮ್ಮವರ ಕೈಗೇ ಕೊಟ್ಟರೂ, ಒಂದು ದಿನ ಅದು ನಮ್ಮ ಕಡೆಗೇ ತಿರುಗುತ್ತೆ. ಬಾಯಿ ಮುಚ್ಚಿಕೊಂಡಿದ್ದರೆ ಮಾತ್ರ ಸಿಗುವ ಪರವಾನಗಿ ಆಶ್ರಯ ಅಲ್ಲ, ಜಾಮೀನು. ಇವತ್ತು ಆ ಅಧಿಕಾರ ಬೇಕು ಅನ್ನುವ ಯಾವ ಪಕ್ಷವನ್ನಾದರೂ ಇದೇ ಅಳತೆಗೋಲಿನಲ್ಲಿ ಅಳೆಯಿರಿ, ನಿಮ್ಮ ಪಕ್ಷವನ್ನೂ ಸೇರಿಸಿ.