ನಗುನಗುತ್ತಾ ಬಾಳಿದ ಸಂತ ಫಿಲಿಪ್ ನೇರಿ

ಮೇ 26ರಂದು ನಾವು ಸಂತ ಫಿಲಿಪ್ ನೇರಿಯವರ ಹಬ್ಬವನ್ನು ಆಚರಿಸುತ್ತೇವೆ. 1515ರಲ್ಲಿ ಇಟಲಿಯ ಫ್ಲಾರೆನ್ಸ್‌ನಲ್ಲಿ ಹುಟ್ಟಿದ ಇವರು, ಬಂಧುವೊಬ್ಬರ ವ್ಯಾಪಾರ ಕೈಗೆ ಬರುವಂತಿದ್ದರೂ ಅದನ್ನು ಬಿಟ್ಟು ಬರಿಗೈಯಲ್ಲಿ ರೋಮ್ ಸೇರಿದರು. ಇಬ್ಬರು ಹುಡುಗರಿಗೆ ಪಾಠ ಹೇಳಿ ಪುಟ್ಟ ಕೋಣೆಯಲ್ಲಿ ಬದುಕಿದರು. ರೋಗಿಗಳನ್ನೂ ಬಡ ಯಾತ್ರಿಕರನ್ನೂ ಉಪಚರಿಸಿದರು. 1551ರಲ್ಲಿ ಯಾಜಕರಾದ ಮೇಲೆ ದಿನವೂ ತಾಸುಗಟ್ಟಲೆ ಪಾಪನಿವೇದನೆ ಕೇಳುತ್ತಿದ್ದರು. ಯುವಜನರೊಡನೆ ಹಾಡುತ್ತಾ ರೋಮಿನ ಏಳು ದೇವಾಲಯಗಳಿಗೆ ನಡೆದು, ದಾರಿಯಲ್ಲಿ ಎಲ್ಲರೊಂದಿಗೆ ಕುಳಿತು ಉಣ್ಣುತ್ತಿದ್ದರು. ಜನರು ಸಂತರೆಂದು ಹೊಗಳತೊಡಗಿದಾಗ ಅರ್ಧ ಗಡ್ಡ ಮಾತ್ರ ಬೋಳಿಸಿಕೊಂಡು ಎಲ್ಲರ ಮುಂದೆ ಬಂದು ನಗೆಗೀಡಾದರು. ಅವರು ಕಟ್ಟಿದ ಒರೇಟರಿ ಸಭೆಗೆ 1575ರಲ್ಲಿ ಪೋಪರ ಮನ್ನಣೆ ದೊರೆಯಿತು. ನಮ್ಮ ಕರಾವಳಿಯಲ್ಲಿ ಸೇವೆಗೈದ ಸಂತ ಜೋಸೆಫ್ ವಾಜ್ ಮುಂದೆ ಗೋವೆಯಲ್ಲಿ ಹಿಡಿದದ್ದೂ ಇದೇ ದಾರಿ.

ಚರ್ಚಿನ ಕೆಲಸದಲ್ಲಿ ಹೆಸರು, ಸ್ಥಾನ ಸಿಗದಿದ್ದಾಗ ನಮ್ಮ ಮುಖ ಬಾಡುವುದುಂಟು. ಆಗ ಆ ಅರ್ಧ ಗಡ್ಡವನ್ನು ನೆನೆಯೋಣ.