ಓರೆ ಬಟ್ಟೆಯನ್ನು ಪಳಗಿಸಿದ ಮದ್ಲೀನ್ ವಿಯೊನೆ

ಟೈಲರಿಂಗ್ ಕಲಿಯುವವರಿಗೆ ಕ್ರಾಸ್ ಕಟಿಂಗ್ ಎಂದರೆ ಸ್ವಲ್ಪ ಭಯ. ನೇರ ನೂಲಿನಲ್ಲಿ ಕತ್ತರಿಸಿದ ಬಟ್ಟೆ ನಾವು ಹೇಳಿದಂತೆ ಕೇಳುತ್ತದೆ. ಅದನ್ನೇ 45 ಡಿಗ್ರಿ ಓರೆಯಾಗಿ ಕತ್ತರಿಸಿದರೆ ಎಳೆದ ಕಡೆಗೆಲ್ಲ ಹಿಗ್ಗುತ್ತದೆ, ಹೊಲಿಗೆ ಸುರುಟಿಕೊಳ್ಳುತ್ತದೆ, ಅಂಚು ಇಳಿಬೀಳುತ್ತದೆ. ನಾನು ಕಾಲೇಜು ಮುಗಿಸಿ ಸಂಜೆ ಉಮ್ಮನ ಬಳಿ ಹೊಲಿಗೆ ಕಲಿಯುತ್ತಿದ್ದೇನೆ. ಹಾಗಾಗಿ ಈ ಕಷ್ಟದ ಕೆಲಸವನ್ನೇ ದೊಡ್ಡ ವಿದ್ಯೆಯಾಗಿ ಬೆಳೆಸಿದ ಮದ್ಲೀನ್ ವಿಯೊನೆ ಅವರ ಜೀವನವನ್ನು ನಿಮಗೆ ಪರಿಚಯಿಸಬೇಕು ಎನಿಸಿತು.

ವಿಯೊನೆ ಹುಟ್ಟಿದ್ದು 1876ರಲ್ಲಿ, ಫ್ರಾನ್ಸಿನ ಒಂದು ಬಡ ಕುಟುಂಬದಲ್ಲಿ. ಹನ್ನೆರಡರ ಆಸುಪಾಸಿನಲ್ಲೇ ಶಾಲೆ ಬಿಟ್ಟು ಹೊಲಿಗೆ ಕೆಲಸಕ್ಕೆ ಸೇರಬೇಕಾಯಿತು. ಚಿಕ್ಕ ವಯಸ್ಸಿನಲ್ಲೇ ಮದುವೆಯಾಯಿತು. ಹುಟ್ಟಿದ ಹೆಣ್ಣುಮಗು ಉಳಿಯಲಿಲ್ಲ, ಮದುವೆಯೂ ಉಳಿಯಲಿಲ್ಲ. ಆಮೇಲೆ ಇಂಗ್ಲೆಂಡಿಗೆ ಹೋಗಿ ದುಡಿದರು. ಪ್ಯಾರಿಸ್‌ಗೆ ಮರಳಿ ಕ್ಯಾಲೊ ಸಹೋದರಿಯರ ಹೆಸರಾಂತ ಉಡುಪು ಸಂಸ್ಥೆಯಲ್ಲಿ ಮಾದರಿ ಉಡುಪು ತಯಾರಿಸುವುದನ್ನು ಕಲಿತರು. 1912ರಲ್ಲಿ ಸ್ವಂತ ಸಂಸ್ಥೆ ತೆರೆದರು. ಎರಡೇ ವರ್ಷಕ್ಕೆ ಮಹಾಯುದ್ಧ ಬಂದು ಬಾಗಿಲು ಮುಚ್ಚಬೇಕಾಯಿತು. ಯುದ್ಧ ಮುಗಿದ ಮೇಲೆ ಮತ್ತೆ ಆರಂಭಿಸಿದರು.

ಓರೆ ಬಟ್ಟೆ ಅವರು ಕಂಡುಹಿಡಿದದ್ದೇನಲ್ಲ. ಅಲ್ಲಿಯವರೆಗೆ ಅದನ್ನು ಕಾಲರ್, ಪಟ್ಟಿಗಳಂತಹ ಸಣ್ಣ ಭಾಗಗಳಿಗೆ ಬಳಸುವುದೇ ಹೆಚ್ಚು. ನಾವು ಇಂದಿಗೂ ಬ್ಲೌಸಿನ ಕುತ್ತಿಗೆಗೆ ಕ್ರಾಸ್ ಪಟ್ಟಿ ಕೊಡುತ್ತೇವಲ್ಲ, ಹಾಗೆ. ವಿಯೊನೆ ಇಡೀ ಉಡುಪನ್ನೇ ಓರೆಯಲ್ಲಿ ಕತ್ತರಿಸಿದರು. ಕಾಗದದಲ್ಲಿ ಚಿತ್ರ ಬರೆದು ಶುರು ಮಾಡುವುದು ಅವರ ಕ್ರಮವಲ್ಲ. ಮನುಷ್ಯರ ಅರ್ಧದಷ್ಟು ಎತ್ತರದ ಮರದ ಗೊಂಬೆಯ ಮೇಲೆ ಬಟ್ಟೆ ಹೊದಿಸಿ, ಅದು ಎಲ್ಲಿ ಬೀಳುತ್ತದೆ, ಎಲ್ಲಿ ಎಳೆಯುತ್ತದೆ ಎಂದು ನೋಡಿ, ಪಿನ್ ಹಾಕಿ, ತೆಗೆದು, ಮತ್ತೆ ಹಾಕಿ ರೂಪ ಕೊಡುತ್ತಿದ್ದರು. ಚೌಕ, ವೃತ್ತ, ತ್ರಿಕೋನಗಳೇ ಅವರ ಉಡುಪಿನ ತುಂಡುಗಳು. ಓರೆಯಲ್ಲಿ ಕತ್ತರಿಸಲು ಮಾಮೂಲಿ ಪನ್ನ ಸಾಲದೆ, ಹೆಚ್ಚು ಅಗಲದ ಕ್ರೇಪ್ ಬಟ್ಟೆಯನ್ನು ಹೇಳಿ ನೇಯಿಸುತ್ತಿದ್ದರು.

1923ರಲ್ಲಿ ಅವರ ಸಂಸ್ಥೆ ಪ್ಯಾರಿಸಿನ ಮೊಂಟೇನ್ ರಸ್ತೆಯ ದೊಡ್ಡ ಕಟ್ಟಡಕ್ಕೆ ಹೋಯಿತು. ಅಲ್ಲಿ ಸಾವಿರಕ್ಕೂ ಹೆಚ್ಚು ಕೆಲಸಗಾರರಿದ್ದರು. ಅವರಿಗೆ ಸಂಬಳ ಸಹಿತ ರಜೆ, ವೈದ್ಯರು, ದಂತವೈದ್ಯರು, ಮಕ್ಕಳನ್ನು ನೋಡಿಕೊಳ್ಳುವ ವ್ಯವಸ್ಥೆ ಎಲ್ಲವನ್ನೂ ವಿಯೊನೆ ಒದಗಿಸಿದರು. ಚಿಕ್ಕಂದಿನಿಂದ ದುಡಿದವರಿಗೆ ದುಡಿಯುವವರ ಕಷ್ಟ ಗೊತ್ತಿತ್ತು. ತಮ್ಮ ವಿನ್ಯಾಸಗಳನ್ನು ನಕಲು ಮಾಡುವವರನ್ನು ತಡೆಯಲು ಉಡುಪಿನ ಲೇಬಲ್ ಮೇಲೆ ಹೆಬ್ಬೆಟ್ಟಿನ ಗುರುತು ಹಾಕುತ್ತಿದ್ದರು. ನಮ್ಮಲ್ಲಿ ಹೆಬ್ಬೆಟ್ಟು ಅಂದರೆ ಓದು ಬಾರದವರ ಗುರುತು. ಅವರಿಗೆ ಅದೇ ವಿದ್ಯೆಯ ಮುದ್ರೆಯಾಯಿತು.

1939ರಲ್ಲಿ ಅವರು ಸಂಸ್ಥೆ ಮುಚ್ಚಿದರು. 1952ರಲ್ಲಿ ನೂರಕ್ಕೂ ಹೆಚ್ಚು ಉಡುಪುಗಳನ್ನು ಮುಂದಿನವರು ನೋಡಿ ಕಲಿಯಲೆಂದು ದಾನ ಕೊಟ್ಟರು. ಇಂದು ಅವು ಪ್ಯಾರಿಸಿನ ವಸ್ತುಸಂಗ್ರಹಾಲಯದಲ್ಲಿವೆ. 1975ರಲ್ಲಿ, 98ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು.

ಓದು ತಲೆಗೆ ಹತ್ತದವರಿಗೆ ಹೊಲಿಗೆ ಎಂಬ ಮಾತನ್ನು ನಾವೆಲ್ಲ ಕೇಳಿದ್ದೇವೆ. ವಿಯೊನೆ ಅವರ ಜೀವನ ತಿಳಿದ ಮೇಲೆ ನಾನು ಆ ಮಾತನ್ನು ಒಪ್ಪುವುದಿಲ್ಲ. ಕೋನ, ವೃತ್ತ, ಅಳತೆ, ತೂಕ ಎಲ್ಲವೂ ಇರುವ ಈ ಕೆಲಸಕ್ಕೆ ತಲೆಯೂ ಬೇಕು, ಕೈಯೂ ಬೇಕು. ಮನೆಯ ಮೂಲೆಯಲ್ಲಿ ಮಿಷನ್ ತುಳಿದು ನಮ್ಮ ಫೀಸು ಕಟ್ಟುವ ತಾಯಂದಿರು ಈ ವಿದ್ಯೆ ಬಲ್ಲವರು. ಪರೀಕ್ಷೆ ಮುಗಿದ ರಜೆಯಲ್ಲಿ ಅವರ ಪಕ್ಕ ಕುಳಿತು ಒಂದು ಕ್ರಾಸ್ ಪಟ್ಟಿಯನ್ನಾದರೂ ಹಾಕಿ ನೋಡಿ.